ನೇಚರ್ ಸೆಂಟರಿನ ಸ್ಕೌಟ್ ಬ್ಯಾಡ್ಜ್: ಯಾವುದಕ್ಕೆ ದುಡ್ಡು ಕಟ್ಟಬಹುದು, ಯಾವುದಕ್ಕೆ ಬೇಡ

ನ್ಯೂಜೆರ್ಸಿಯ ಕನ್ನಡದ ತಂದೆತಾಯಂದಿರಿಗೆ ಮೊದಲೇ ಒಂದು ಮಾತು. ಸ್ಕೌಟ್ ಮಕ್ಕಳು ಒಂದೊಂದು ವಿಷಯ ಕಲಿತದ್ದಕ್ಕೆ ಗಳಿಸುವ ಗುರುತೇ ಬ್ಯಾಡ್ಜ್; ಮಕ್ಕಳನ್ನು ನೇಚರ್ ಸೆಂಟರಿನ ಬ್ಯಾಡ್ಜ್ ಕಾರ್ಯಕ್ರಮಕ್ಕೆ ಸೇರಿಸುವ ಮುಂಚೆ ಅಲ್ಲಿನ ಕಚೇರಿಗೆ ಫೋನ್ ಮಾಡಿ, "ಕಾರ್ಯಕ್ರಮ ಮುಗಿದ ಮೇಲೆ ಮಗು ಮಾಡಬೇಕಾದದ್ದು ಏನೇನು ಬಾಕಿ ಉಳಿದಿರುತ್ತದೆ?" ಎಂದು ಕೇಳಿ. "ಏನೂ ಇಲ್ಲ, ಎರಡು ಗಂಟೆಯಲ್ಲಿ ಎಲ್ಲ ಪೂರ್ಣ" ಎಂದರೆ ಸ್ವಲ್ಪ ಯೋಚಿಸಿ. "ಇಲ್ಲಿ ಆಗುವುದು ಅರ್ಧ, ಉಳಿದದ್ದನ್ನು ಹುಡುಗನೇ ಮಾಡಿಕೊಂಡು ಬರಬೇಕು" ಎಂದರೆ ಕಣ್ಣುಮುಚ್ಚಿ ದುಡ್ಡು ಕಟ್ಟಿ. ಒಂದೇ ಸೆಂಟರಿನಲ್ಲಿ ಮೊಮ್ಮಕ್ಕಳಿಬ್ಬರನ್ನೂ ಎರಡು ಬೇರೆ ಬೇರೆ ಕಾರ್ಯಕ್ರಮಗಳಿಗೆ ಕರೆದುಕೊಂಡು ಹೋಗಿ, ಮೂಲೆಯ ಮಡಚು ಕುರ್ಚಿಯಲ್ಲಿ ಕುಳಿತು ನೋಡಿದ ಅಜ್ಜನ ಅಭಿಪ್ರಾಯ ಇದು.

ನಾನು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮುದುಕನಿಗೆ ಬ್ಯಾಡ್ಜಿನ ಉಸಾಬರಿ ಏಕೆ ಎನ್ನುತ್ತೀರಿ. ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರಾಗಿದ್ದೆ, ಜೊತೆಗೆ ಸ್ಕೌಟ್ ಮಾಸ್ಟರ್. ಕೊಂಡಜ್ಜಿಯ ತರಬೇತಿ ಕೇಂದ್ರಕ್ಕೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗಿ, ಕೆರೆಯ ಪಕ್ಕದ ಗುಡ್ಡ ಹತ್ತಿಸಿ, ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹಚ್ಚುವ ಪರೀಕ್ಷೆ ಮಾಡುತ್ತಿದ್ದವನು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತೇವಲ್ಲ, ಆ ಏಣಿಯ ಕೆಳಗೆ ನಿಂತು ಕೈ ಹಿಡಿದವನು. ಈಗ ಮಗಳ ಮನೆಗೆ ಬಂದಿದ್ದೇನೆ. ಅವಳಿಗೂ ಅಳಿಯನಿಗೂ ಶನಿವಾರವೂ ಪುರುಸೊತ್ತಿಲ್ಲ. ಆದ್ದರಿಂದ ಕಾರಿನಲ್ಲಿ ಬಿಟ್ಟು ಹೋಗುವುದು ಅವರ ಕೆಲಸ, ಕಾಯುವುದು ನನ್ನದು.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಮೊಮ್ಮಗಳು ಎರಡನೆಯ ತರಗತಿ, ಗರ್ಲ್ ಸ್ಕೌಟ್ಸ್‌ನ ಬ್ರೌನಿ, ಅಂದರೆ ಪುಟ್ಟ ಹುಡುಗಿಯರ ವಿಭಾಗದವಳು. 1912ರಲ್ಲಿ ಜಾರ್ಜಿಯಾದ ಸವಾನಾ ಊರಿನಲ್ಲಿ ಜೂಲಿಯೆಟ್ ಗಾರ್ಡನ್ ಲೋ ಆರಂಭಿಸಿದ ಸಂಸ್ಥೆ ಅದು. ಮೊಮ್ಮಗನಿಗೆ ಹನ್ನೆರಡು ವರ್ಷ, ಅವನದು ಬಾಯ್ ಸ್ಕೌಟ್ಸ್. 1910ರಿಂದ ನಡೆದುಬಂದ ಆ ಸಂಸ್ಥೆ 2025ರ ಫೆಬ್ರುವರಿಯಿಂದ ಸ್ಕೌಟಿಂಗ್ ಅಮೆರಿಕ ಎಂದು ಹೆಸರು ಬದಲಿಸಿಕೊಂಡಿದೆ. 2019ರಿಂದ ಅದರ ದೊಡ್ಡ ಮಕ್ಕಳ ವಿಭಾಗಕ್ಕೆ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ. ಎರಡೂ ಸಂಸ್ಥೆಗಳಲ್ಲಿ ಬ್ಯಾಡ್ಜ್‌ಗಳಿವೆ, ಆದರೆ ಗಳಿಸುವ ದಾರಿ ಬೇರೆ. ಪುಟ್ಟ ಹುಡುಗಿಯರ ಬ್ಯಾಡ್ಜಿಗೆ ಐದು ಹಂತಗಳು, ಪ್ರತಿ ಹಂತಕ್ಕೂ ಕೆಲವು ಆಯ್ಕೆಗಳು, ಅವುಗಳಲ್ಲಿ ಒಂದನ್ನು ಮಾಡಿದರೆ ಸಾಕು. ದೊಡ್ಡ ಹುಡುಗರ ಮೆರಿಟ್ ಬ್ಯಾಡ್ಜ್ ಹಾಗಲ್ಲ. ಪುಸ್ತಿಕೆಯಲ್ಲಿ ಬರೆದಿರುವುದನ್ನು ಒಂದು ಕಡಿಮೆಯೂ ಇಲ್ಲದೆ, ಒಂದು ಹೆಚ್ಚೂ ಇಲ್ಲದೆ ಮಾಡಿ, ನೋಂದಾಯಿತ ಕೌನ್ಸೆಲರ್, ಅಂದರೆ ಆ ಬ್ಯಾಡ್ಜಿನ ಪರೀಕ್ಷಕರ ಎದುರು ತೋರಿಸಬೇಕು. ಅಂಥವು 130ಕ್ಕೂ ಹೆಚ್ಚಿವೆ. ಅವುಗಳಲ್ಲಿ 21 ಗಳಿಸಿದವನು ಮಾತ್ರ ಅಲ್ಲಿನ ಅತ್ಯುನ್ನತ ಮೆಟ್ಟಿಲಾದ ಈಗಲ್ ಸ್ಕೌಟ್ ಆಗುವ ಅರ್ಹತೆಯ ಹತ್ತಿರಕ್ಕೆ ಬರುತ್ತಾನೆ.

ಇಷ್ಟೊಂದು ಬ್ಯಾಡ್ಜ್‌ಗಳನ್ನು ಪ್ರತಿ ತಂಡದ ಮುಖ್ಯಸ್ಥೆಯೂ ತಾನೇ ಕಲಿಸುವುದು ಆಗದ ಮಾತು. ಅವರೂ ನಮ್ಮ ನಿಮ್ಮಂತೆ ಕೆಲಸಕ್ಕೆ ಹೋಗುವ ತಾಯಂದಿರು. ಇಲ್ಲಿಯೇ ನೇಚರ್ ಸೆಂಟರ್ ಒಳಕ್ಕೆ ಬರುತ್ತದೆ. ಕಾಡಿನ ಅಂಚಿನಲ್ಲಿ ಒಂದು ಕಟ್ಟಡ, ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಆಮೆ, ಹಾವು, ಹೊರಗೆ ನಡೆದಾಡುವ ದಾರಿಗಳು, ಒಂದು ಕೊಳ. ಕೌಂಟಿಯವರೋ ಪಕ್ಷಿಪ್ರಿಯರ ಸಂಘದವರೋ ನಡೆಸುತ್ತಾರೆ. ಬ್ಯಾಡ್ಜಿನ ನಿಯಮಗಳನ್ನು ಮುಂದಿಟ್ಟುಕೊಂಡು ಕಾರ್ಯಕ್ರಮ ರೂಪಿಸಿ, ತಲೆಗೆ ಇಷ್ಟು ಎಂದು ಶುಲ್ಕ ಪಡೆದು ಮಕ್ಕಳಿಗೆ ಕಲಿಸಿ ಕಳಿಸುತ್ತಾರೆ. ನಾವು ಹೋದ ಸೆಂಟರಿನ ಹೆಸರು ಬರೆಯುವುದಿಲ್ಲ. ಈ ರಾಜ್ಯದಲ್ಲಿ ಅಂಥವು ಬೇಕಾದಷ್ಟಿವೆ, ನಾನು ಹೇಳುವ ಗುಣದೋಷಗಳು ಬಹುತೇಕ ಕಡೆ ಸಿಕ್ಕಾವು.

ಮೊದಲು ಮೊಮ್ಮಗಳ ಸರದಿ. ಬ್ರೌನಿಗಳ "ಬಗ್ಸ್" ಬ್ಯಾಡ್ಜ್, ಅಂದರೆ ಕೀಟಗಳದ್ದು. ಶುಲ್ಕ ಮಗುವಿಗೆ 15 ಡಾಲರ್. ನಡೆದದ್ದು ಫೆಬ್ರುವರಿಯಲ್ಲಿ. ಹೌದು, ಫೆಬ್ರುವರಿಯಲ್ಲಿ! ಹೊರಗೆ ಮೊಣಕಾಲುದ್ದ ಹಿಮ. ಒಳಗಿನ ಕೋಣೆಯಲ್ಲಿ ಹೀಟರಿನ ಬಿಸಿಗೆ ಇಪ್ಪತ್ತು ಹುಡುಗಿಯರು ಜಾಕೆಟ್ ಬಿಚ್ಚಿ ಗುಡ್ಡೆ ಹಾಕಿ, ಚಾಪೆಯ ಮೇಲೆ ಕುಳಿತರು. ಮೊದಲ ಹಂತ: ಕೀಟದ ಬಗ್ಗೆ ಒಂದು ವಿಷಯ ತಿಳಿದು ಪೋಸ್ಟರ್ ಬಿಡಿಸುವುದು. ಆಯಿತು. ಎರಡನೆಯದು ಕೀಟದ ಕರಕುಶಲ. ಬಣ್ಣದ ತಂತಿ ಸುತ್ತಿ ಜೇಡ ಮಾಡಿಸಿದರು. ಜೇಡ ಕೀಟವಲ್ಲ ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಪುಣ್ಯಕ್ಕೆ ಕಲಿಸುತ್ತಿದ್ದ ಹುಡುಗನೇ ಎಂಟು ಕಾಲು ಎಣಿಸಿ ಆ ಮಾತು ಹೇಳಿದ. ಕೊನೆಯ ಹಂತ ಕೀಟಗಳನ್ನು ನೋಡಲು ಹೊರಸಂಚಾರ ಹೋಗುವುದು. ಅದಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಕ್ಕದ ಪ್ರದರ್ಶನ ಕೋಣೆಗೆ ಕರೆದೊಯ್ದು, ಸೂಜಿ ಚುಚ್ಚಿದ ಚಿಟ್ಟೆಗಳನ್ನು ತೋರಿಸಿ, "ನಮ್ಮ ಫೀಲ್ಡ್ ಟ್ರಿಪ್ ಮುಗಿಯಿತು" ಎಂದುಬಿಟ್ಟರು. ನಾನು ನನ್ನ ಇಡೀ ವೃತ್ತಿಯಲ್ಲಿ ಕಾಟಾಚಾರದ ತಪಾಸಣೆಗಳನ್ನು ಬೇಕಾದಷ್ಟು ಕಂಡವನು. ಆದರೂ ಬಾಗಿಲು ದಾಟದ ಹೊರಸಂಚಾರ ಹೊಸದು.

ಆ ಹುಡುಗನನ್ನು ದೂರುವುದಿಲ್ಲ. ಅವನಿಗೆ ವಿಷಯ ಗೊತ್ತಿತ್ತು. ಮಡಗಾಸ್ಕರಿನ ಬುಸುಗುಡುವ ಜಿರಲೆಯೊಂದನ್ನು ಡಬ್ಬಿಯಿಂದ ತೆಗೆದು, ಅದು ಸದ್ದು ಮಾಡುವುದು ಬಾಯಿಂದಲ್ಲ, ಹೊಟ್ಟೆಯ ಪಕ್ಕದ ಉಸಿರುರಂಧ್ರಗಳಿಂದ ಎಂದು ತೋರಿಸಿದ. ಅಡುಗೆಮನೆಯಲ್ಲಿ ಇರುವೆ ಕಂಡರೂ ಕುರ್ಚಿ ಹತ್ತುವ ನನ್ನ ಮೊಮ್ಮಗಳು ಹೆಬ್ಬೆರಳಿಗಿಂತ ದಪ್ಪಗಿದ್ದ ಆ ಜಿರಲೆಯನ್ನು ಅಂಗೈ ಮೇಲೆ ನಡೆದಾಡಲು ಬಿಟ್ಟಳು. 15 ಡಾಲರಿನಲ್ಲಿ ಅರ್ಧವನ್ನು ಆ ಕ್ಷಣಕ್ಕೇ ಜಮಾ ಮಾಡುತ್ತೇನೆ. ಉಳಿದ ಅರ್ಧಕ್ಕೆ ಏನೂ ಸಿಗಲಿಲ್ಲ.

ಕೀಟದ ಬ್ಯಾಡ್ಜನ್ನು ಜೂನಿನಲ್ಲಿ ಇಡಬಾರದೇ ಎಂದು ಕಚೇರಿಯಲ್ಲಿ ವಿಚಾರಿಸಿದೆ. ಉತ್ತರ ಪ್ರಾಮಾಣಿಕವಾಗಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ಶಾಲೆಗಳ ಪ್ರವಾಸಕ್ಕೇ ಎಲ್ಲ ದಿನಗಳೂ ಕಾಯ್ದಿರಿಸಿರುತ್ತವೆ. ಶಾಲೆ ಮುಚ್ಚುತ್ತಿದ್ದಂತೆ ಸ್ಕೌಟ್ ತಂಡಗಳೂ ಬೇಸಿಗೆ ರಜೆಗೆ ಚದುರುತ್ತವೆ. ತಂಡದ ಮುಖ್ಯಸ್ಥರಿಗೆ ವರ್ಷದ ಲೆಕ್ಕಕ್ಕೆ ಬ್ಯಾಡ್ಜ್ ಬೇಕು, ಸೆಂಟರಿಗೆ ಚಳಿಗಾಲದ ಖಾಲಿ ಕೋಣೆ ತುಂಬಬೇಕು. ಹೀಗೆ ಇಬ್ಬರ ಅನುಕೂಲ ಸೇರಿ ಹಿಮದಲ್ಲಿ ಕೀಟ ಹುಡುಕುವ ಯೋಗ ಮಕ್ಕಳಿಗೆ ಬಂದಿದೆ.

ಈಗ ಮೊಮ್ಮಗನ "ಬರ್ಡ್ ಸ್ಟಡಿ". ಮಾರ್ಚ್ ಕೊನೆಯ ಶನಿವಾರ, ಬೆಳಿಗ್ಗೆ ಎಂಟಕ್ಕೆ. ಶುಲ್ಕ 25 ಡಾಲರ್. ಎಂಟು ಗಂಟೆಗೆ ಎಂದರೆ ಎಂಟು ಗಂಟೆಗೇ, ತಡವಾಗಿ ಬಂದ ಇಬ್ಬರು ಹುಡುಗರು ತಂಡವನ್ನು ಹುಡುಕಿಕೊಂಡು ಕಾಡಿನೊಳಗೆ ಓಡಬೇಕಾಯಿತು. ಕಲಿಸಿದವರು ಎಪ್ಪತ್ತರ ಆಸುಪಾಸಿನ ಸ್ವಯಂಸೇವಕಿ. ಅವರ ಕೊರಳ ಚರ್ಮದ ದಾರದಲ್ಲಿ ಎರಡು ಮರದ ಮಣಿ ಕಂಡಾಗ ನನಗೆ ತಡೆಯಲಾಗಲಿಲ್ಲ. ಅದು ವುಡ್ ಬ್ಯಾಡ್ಜ್, ಸ್ಕೌಟ್ ಶಿಕ್ಷಕರ ತರಬೇತಿಯ ಗುರುತು, 1919ರಲ್ಲಿ ಇಂಗ್ಲೆಂಡಿನ ಗಿಲ್ವೆಲ್‌ನಲ್ಲಿ ಶುರುವಾದದ್ದು. ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಹೆಸರಿನಲ್ಲಿ ನಾನು ಪಚ್‌ಮಢಿಯಲ್ಲಿ ಪಡೆದದ್ದೂ ಅದೇ. ಸ್ಕೌಟರು ಕೈಕುಲುಕುವ ರೂಢಿಯಂತೆ ಎಡಗೈ ಚಾಚಿದೆ. ಅವರೂ ಎಡಗೈಯನ್ನೇ ಕೊಟ್ಟರು. ನಂತರ ನನ್ನ ಮಡಚು ಕುರ್ಚಿಗೆ ಬಿಡುವು ಸಿಕ್ಕಿತು. ಅಜ್ಜನೂ ತಂಡದ ಹಿಂದೆ ನಡೆಯಬಹುದು ಎಂದು ಅಪ್ಪಣೆಯಾಯಿತು.

ಕೊಳದ ಬಳಿ ಮಕ್ಕಳನ್ನು ನಿಲ್ಲಿಸಿ, ಕಣ್ಣುಮುಚ್ಚಿ ಐದು ನಿಮಿಷ ನಿಲ್ಲಿ, ಹೊಸ ಸದ್ದೊಂದು ಕೇಳಿದಾಗಲೆಲ್ಲ ಒಂದೊಂದು ಬೆರಳು ಎತ್ತಿ ಎಂದರು. ಮೊದಲ ನಿಮಿಷ ಕಿಸಕ್ಕನೆ ನಗು, ಒಬ್ಬನ ಕೆಮ್ಮು. ಆಮೇಲೆ ಬೆರಳುಗಳು ಏಳತೊಡಗಿದವು. ಟಿಟ್‌ಮೌಸ್ ಎಂಬ ಬೂದು ಜುಟ್ಟಿನ ಹಕ್ಕಿ "ಪೀಟರ್ ಪೀಟರ್" ಎನ್ನುತ್ತಿತ್ತು, ಜೊಂಡಿನ ತುದಿಯಲ್ಲಿ ಕೆಂಪು ಭುಜದ ಕಪ್ಪು ಹಕ್ಕಿ ಕಿರುಗುಟ್ಟಿತು. ಚಿಕಡೀ ಹಕ್ಕಿಯ ವಿಚಾರ ನನಗೂ ಹೊಸದು. ಅದು ತನ್ನ ಹೆಸರನ್ನೇ ಕೂಗುತ್ತದೆ, ಆದರೆ ಕೊನೆಯ "ಡೀ" ಎಷ್ಟು ಬಾರಿ ಬರುತ್ತದೆ ಎಂಬುದರಲ್ಲಿ ಸುದ್ದಿಯಿದೆ. ಅಪಾಯ ಹೆಚ್ಚಾದಷ್ಟೂ ಡೀ ಹೆಚ್ಚು. ದೊಡ್ಡ ಗೂಬೆಗಿಂತ ಪುಟ್ಟ ಗೂಬೆಗೇ ಹೆಚ್ಚು ಡೀ, ಏಕೆಂದರೆ ಕೊಂಬೆಗಳ ನಡುವೆ ಚುರುಕಾಗಿ ತಿರುಗಿ ಚಿಕಡೀಯನ್ನು ಹಿಡಿಯಬಲ್ಲದ್ದು ಪುಟ್ಟದೇ. ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದಾರೆ. ಆಮೇಲೆ ಹುಡುಗರೆಲ್ಲ ಡೀ ಎಣಿಸುವುದರಲ್ಲೇ ಮಗ್ನ.

ದಾರಿಯ ಪಕ್ಕದ ಒಣ ಹುಲ್ಲುಗಾವಲಿನಲ್ಲಿ ಗೋಲ್ಡನ್‌ರಾಡ್ ಗಿಡದ ಕಡ್ಡಿಗಳು ನಿಂತಿದ್ದವು. ಕೆಲವದರ ನಡುವೆ ನಿಂಬೆಕಾಯಿಯಷ್ಟು ಉರುಟಾದ ಗಂಟು. ಅವರು ಒಂದನ್ನು ಕಿತ್ತು, ಜೇಬಿನ ಚಾಕುವಿನಿಂದ ಎರಡು ಹೋಳು ಮಾಡಿದರು. ಬೆಂಡಿನಂಥ ಗಟ್ಟಿ ತಿರುಳು, ಅದರ ನಟ್ಟನಡುವೆ ಒಂದು ಪುಟ್ಟ ಗೂಡು, ಗೂಡಿನಲ್ಲಿ ಕೆನೆಬಣ್ಣದ ದುಂಡು ಹುಳು. ಒಂದು ನೊಣ ಕಳೆದ ವರ್ಷ ಕಾಂಡದಲ್ಲಿ ಇಟ್ಟ ಮೊಟ್ಟೆಯಿಂದ ಬಂದದ್ದು. ಗಿಡವೇ ಅದರ ಸುತ್ತ ಮನೆ ಕಟ್ಟಿಕೊಟ್ಟಿದೆ. ಚಳಿಗಾಲವಿಡೀ ಹುಳು ಅಲ್ಲೇ ಹೆಪ್ಪುಗಟ್ಟಿ ಕೂತಿರುತ್ತದೆ, ಆದರೂ ಸಾಯುವುದಿಲ್ಲ, ಮೈಯೊಳಗೆ ಗ್ಲಿಸರಾಲ್ ತುಂಬಿಕೊಂಡು ಜೀವಕೋಶಗಳನ್ನು ಕಾಪಾಡಿಕೊಳ್ಳುತ್ತದೆ. ಇದನ್ನು ಬಲ್ಲ ಡೌನಿ ಮರಕುಟಿಗ ಬಂದು ಗಂಟಿಗೆ ಅಚ್ಚುಕಟ್ಟಾದ ಸಣ್ಣ ರಂಧ್ರ ಕೊರೆದು ಹುಳುವನ್ನು ಎಳೆದುಕೊಳ್ಳುತ್ತದೆ. ಚಿಕಡೀ ಆದರೆ ಗಂಟನ್ನು ಹರಿದು ರಂಪ ಮಾಡಿ ತಿನ್ನುತ್ತದೆ. ಎರಡೂ ಬಗೆಯ ತೂತುಗಳನ್ನು ಹುಡುಕಿ ತನ್ನಿ ಎಂದು ಹುಡುಗರನ್ನು ಬಿಟ್ಟರು. ಹಕ್ಕಿ ಕಣ್ಣಿಗೆ ಬೀಳದಿದ್ದರೂ ಅದರ ಊಟದ ಎಲೆಯನ್ನು ನೋಡಿ ಬಂದವರು ಯಾರು ಎಂದು ಹೇಳಬಹುದು.

ನನ್ನ ತಲೆಗೆ ಹೊಕ್ಕದ್ದು ಬೇರೆ. ಈ ಗಂಟುಗಳು ಫೆಬ್ರುವರಿಯಲ್ಲೂ ಇಲ್ಲೇ ಇದ್ದವಲ್ಲ! ಕೀಟದ ಕೋಣೆಯ ಬಾಗಿಲಿನಿಂದ ನೂರು ಹೆಜ್ಜೆ ಕೂಡ ಇಲ್ಲ. ಹಿಮದ ಮೇಲೆ ತಲೆಯೆತ್ತಿಯೇ ನಿಂತಿದ್ದ ಕಡ್ಡಿಗಳು. ಹತ್ತು ನಿಮಿಷ ಬೂಟು ಹಾಕಿಸಿ ಹೊರಗೆ ಕರೆದೊಯ್ದಿದ್ದರೆ ಆ ಇಪ್ಪತ್ತು ಹುಡುಗಿಯರೂ ಜೀವಂತ ಕೀಟವನ್ನು ಅದರ ಮನೆಯಲ್ಲೇ ನೋಡುತ್ತಿದ್ದರು. ಹೋಗಲಿ, ಸೆಂಟರಿನ ಕಾಲುದಾರಿಗಳಿಗೆ ಶುಲ್ಕವಿಲ್ಲ. ಮರುದಿನವೇ ಮೊಮ್ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವಳ ಮೊದಲ ಪ್ರಶ್ನೆ ಹುಳುವಿಗೆ ಒಳಗೆ ಕತ್ತಲಾಗುವುದಿಲ್ಲವೇ ಎಂಬುದು. ಎರಡನೆಯದು ಇದಕ್ಕೂ ಬ್ಯಾಡ್ಜ್ ಕೊಡುತ್ತಾರೆಯೇ ಎಂಬುದು.

ಅಂದು ಅವಳ ಕಣ್ಣಿಗೆ ನೀಲಿ ಗರಿಯೊಂದು ಬಿತ್ತು, ಬ್ಲೂ ಜೇ ಹಕ್ಕಿಯದು, ಅಂಚಿಗೆ ಕಪ್ಪು ಪಟ್ಟೆಗಳಿದ್ದವು. ಎತ್ತಿಕೊಂಡಳು. ಅಲ್ಲೇ ಹಕ್ಕಿಗಳ ಕಾಳಿನ ಗೂಡು ತುಂಬುತ್ತಿದ್ದ ಅದೇ ಸ್ವಯಂಸೇವಕಿ ನಯವಾಗಿ, ಆದರೆ ಬಿಡದೆ, ಅದನ್ನು ಮತ್ತೆ ನೆಲಕ್ಕೆ ಇಡಿಸಿದರು. 1918ರ ವಲಸೆ ಹಕ್ಕಿಗಳ ಕಾನೂನಿನ ಪ್ರಕಾರ ಇಲ್ಲಿನ ಕಾಡುಹಕ್ಕಿಯ ಉದುರಿದ ಗರಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಟೋಪಿಗೆ ಗರಿ ಸಿಕ್ಕಿಸುವ ಶೋಕಿಗಾಗಿ ಹಿಂಡು ಹಿಂಡು ಹಕ್ಕಿಗಳನ್ನು ಕೊಂದ ಕಾಲವಿತ್ತು. ಉದುರಿದ್ದು ಯಾವುದು, ಕೊಂದು ಕಿತ್ತದ್ದು ಯಾವುದು ಎಂದು ಗರಿ ನೋಡಿ ಹೇಳಲಾಗದ್ದರಿಂದ ಎಲ್ಲಕ್ಕೂ ನಿಷೇಧ. ನಮ್ಮ ಮನೆಯ ದೇವರ ಗೂಡಿನಲ್ಲಿರುವ ನವಿಲುಗರಿಯ ಬಗ್ಗೆ ಮೊಮ್ಮಗಳು ತಕ್ಷಣ ವರದಿ ಒಪ್ಪಿಸಿದಳು. ತಾನಾಗಿ ಉದುರಿದ ನವಿಲುಗರಿಗೆ ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ವಿನಾಯಿತಿ ಇದೆ ಎಂದು ನಾನು ಊರಿನ ಮಾನ ಉಳಿಸಿದೆ.

ಬರ್ಡ್ ಸ್ಟಡಿ ಮುಗಿದಾಗ ಮೊಮ್ಮಗನ ಕೈಗೆ ಬಂದದ್ದು ಬ್ಯಾಡ್ಜ್ ಅಲ್ಲ, ಮೂರು ಮಡಿಕೆಯ ನೀಲಿ ಕಾರ್ಡ್. ಒಂದು ಭಾಗ ತಂಡಕ್ಕೆ, ಒಂದು ಹುಡುಗನಿಗೆ, ಒಂದು ಕೌನ್ಸೆಲರಿಗೆ. ಬೈನಾಕ್ಯುಲರ್ ಬಳಸುವುದು, ಹಕ್ಕಿಯ ಚಿತ್ರ ಬಿಡಿಸಿ ಅಂಗಗಳನ್ನು ಗುರುತಿಸುವುದು, ತಿಳಿದವರ ಜೊತೆ ಹಕ್ಕಿ ನೋಡಲು ಹೋಗುವುದು, ಇಷ್ಟಕ್ಕೆ ಸಹಿಯಾಗಿತ್ತು. ಇಪ್ಪತ್ತು ಜಾತಿಯ ಕಾಡುಹಕ್ಕಿಗಳನ್ನು ಕಂಡು ಪ್ರತಿಯೊಂದಕ್ಕೂ ಟಿಪ್ಪಣಿ ಬರೆಯುವುದು, ಅವುಗಳಲ್ಲಿ ಐದನ್ನು ಬರೀ ದನಿಯಿಂದ ಗುರುತಿಸುವುದು ಬಾಕಿ. ಬೆಳಗಿನ ನಡಿಗೆಯಲ್ಲೇ ಹತ್ತಾರು ಹಕ್ಕಿ ಕಂಡಿತ್ತಲ್ಲ, ಅವನ್ನೆಲ್ಲ ಹಾಕಿಕೊಳ್ಳೋಣ ಎಂದ ಒಬ್ಬ ಹುಡುಗನಿಗೆ ಆಕೆ ಹೇಳಿದ್ದು: "ಅವು ನಾನು ತೋರಿಸಿದವು. ನೀನು ನೋಡಿದ್ದನ್ನು ಬರೆದುಕೊಂಡು ಬಾ."

ಮಗಳಿಗೆ ಅಸಮಾಧಾನ. "ಅಪ್ಪಾಜಿ, ಇದೇನು ಅರ್ಧ ಕಾರ್ಡು? ಒಂದೇ ದಿನದಲ್ಲಿ ಪೂರ್ತಿ ಮುಗಿಸಿಕೊಡುವವರೂ ಇದ್ದಾರಂತೆ, ಅಲ್ಲಿಗೆ ಕಳಿಸಬಹುದಿತ್ತು" ಎಂದಳು. ಕಾರ್ಡಿಗೆ ಅವಧಿ ಮೀರುವುದಿಲ್ಲ, ಹದಿನೆಂಟು ತುಂಬುವ ಮುಂಚೆ ಮುಗಿಸಿದರೆ ಸಾಕು ಎಂದು ಸಮಾಧಾನ ಹೇಳಿದೆ. ಅವಳನ್ನು ಒಪ್ಪಿಸಿದ್ದು ನನ್ನ ಮಾತಲ್ಲ. ಕಿಟಕಿಯ ಬಳಿ ಟಿಪ್ಪಣಿ ಪುಸ್ತಕ ಹಿಡಿದು ನಿಲ್ಲತೊಡಗಿದ ಹುಡುಗ. ಮೊಬೈಲ್ ಕೆಳಗಿಟ್ಟಿದ್ದಾನೆ ಎಂದು ಸುಳ್ಳು ಹೇಳುವುದಿಲ್ಲ, ಹಕ್ಕಿಯ ಹೆಸರು ಹುಡುಕುವುದಕ್ಕೂ ಅದೇ ಬೇಕು. ಆದರೆ ದಿನಸಿ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ನಾವೆಲ್ಲ ಚೀಲ ಹೊತ್ತು ನಿಂತಿದ್ದಾಗ ಆಕಾಶ ನೋಡಿ, "ರೆಕ್ಕೆ ವಿ ಆಕಾರದಲ್ಲಿದೆ, ತೂರಾಡುತ್ತಿದೆ, ಅದು ಗಿಡುಗ ಅಲ್ಲ ಅಜ್ಜ, ಟರ್ಕಿ ವಲ್ಚರ್" ಎಂದ. ಸರಿಯಾಗಿತ್ತು. ನಟ್‌ಹ್ಯಾಚ್ ಮರದ ಕಾಂಡದಲ್ಲಿ ತಲೆಕೆಳಗಾಗಿ ಇಳಿಯುವುದನ್ನು ಹಿತ್ತಲಿನಲ್ಲಿ ಕಂಡುಹಿಡಿದು ಮನೆಯವರನ್ನೆಲ್ಲ ಕೂಗಿ ಕರೆದ. ಈ ಕುತೂಹಲ ಆ ಬಾಕಿ ಉಳಿದ ಸಾಲುಗಳ ಕೃಪೆ.

ದುಡ್ಡು, ನಿಯಮಗಳ ವಿಚಾರ ಬೇಗ ಮುಗಿಸುತ್ತೇನೆ. ಶುಲ್ಕದಲ್ಲಿ ಬಟ್ಟೆಯ ಬ್ಯಾಡ್ಜ್ ಸೇರಿಲ್ಲ, ಅದನ್ನು ತಂಡದವರು ಬೇರೆ ಕೊಳ್ಳಬೇಕು. ನಮ್ಮ ಮೊಮ್ಮಗಳಿಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲ, ಬರಿಗೈಯಲ್ಲಿ ಹೊರಬಂದು ಕಾರಿನಲ್ಲಿ ಅತ್ತಳು. ಜಾಲತಾಣದಲ್ಲಿ ಸಣ್ಣಕ್ಷರದಲ್ಲಿ ಬರೆಯುವ ಬದಲು ಬಾಗಿಲಲ್ಲೇ ಹೇಳಬಾರದೇ? ಬಹುತೇಕ ದಿನಗಳನ್ನು ಇಡೀ ತಂಡವೇ ಕಾಯ್ದಿರಿಸಬೇಕು, ಒಂಟಿ ಮಗುವಿಗೆ ಅವಕಾಶವಿರುವ ದಿನಗಳು ಕಡಿಮೆ. ಜೊತೆಗೆ ಬರುವ ತಮ್ಮ ತಂಗಿಯರು ಆಟಕ್ಕುಂಟು ಲೆಕ್ಕಕ್ಕಿಲ್ಲ, ಶುಲ್ಕ ಮಾತ್ರ ಅವರಿಗೂ ಉಂಟು. ಈಗಲ್ ಆಗಲು ಎನ್ವಿರಾನ್‌ಮೆಂಟಲ್ ಸೈನ್ಸ್ ಅಥವಾ ಸಸ್ಟೈನಬಿಲಿಟಿ, ಎರಡರಲ್ಲಿ ಒಂದು ಕಡ್ಡಾಯವಾದ್ದರಿಂದ ಆ ಕಾರ್ಯಕ್ರಮಗಳಿಗೆ ನೂಕುನುಗ್ಗಲು. ಒಂದು ಮಗುವಿನ ಜೊತೆ ಒಬ್ಬನೇ ದೊಡ್ಡವನು ಎಲ್ಲಿಯೂ ಇರಕೂಡದು, ಯಾವಾಗಲೂ ಇಬ್ಬರು ಇರಬೇಕು ಎಂಬ ನಿಯಮವನ್ನು ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದರು, ಶೌಚಾಲಯಕ್ಕೆ ಕರೆದೊಯ್ಯುವಾಗಲೂ. ಅದಕ್ಕೆ ಪೂರ್ಣ ಅಂಕ.

ರಕ್ತ ಹೀರುವ ಉಣ್ಣೆ ಹುಳುವಿನ (ಟಿಕ್) ಬಗ್ಗೆ ಎಚ್ಚರ. ಮಲೆನಾಡಿನ ಇಂಬಳ ಕಚ್ಚಿದರೆ ರಕ್ತ ಸುರಿದು ತಾನೇ ಚಾಡಿ ಹೇಳುತ್ತದೆ, ಇಲ್ಲಿನ ಜಿಂಕೆ ಉಣ್ಣೆ ಗಸಗಸೆಯಷ್ಟಿದ್ದು ಗುಟ್ಟಾಗಿ ಕುಳಿತು ಲೈಮ್ ಜ್ವರ ತರಬಲ್ಲದು. ಮಾರ್ಚಿನಿಂದಲೇ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ ಕಳಿಸಿ, ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ನೋಡಿ. ಸೆಂಟರಿನಲ್ಲಿ ತಿನ್ನಲು ಚಿಪ್ಸ್ ಯಂತ್ರ ಬಿಟ್ಟರೆ ಏನೂ ಇಲ್ಲ. ನಾನು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಮಂಡಕ್ಕಿ ಒಯ್ಯುತ್ತೇನೆ.

ಮುಂದಿನ ಪಟ್ಟಿಯಲ್ಲಿ ಮೊಮ್ಮಗ ಆರಿಸಿರುವುದು ಸರೀಸೃಪ ಮತ್ತು ಉಭಯಚರಗಳ ಬ್ಯಾಡ್ಜ್, ಅದೇ ಮಣಿಗಳ ಅಮ್ಮನವರದ್ದೇ. ಅದರ ನಿಯಮದಲ್ಲಿ ಎರಡು ದಾರಿ: ಹಾವನ್ನೋ ಕಪ್ಪೆಯನ್ನೋ ಕನಿಷ್ಠ ಒಂದು ತಿಂಗಳು ಸಾಕಿ ದಿನಚರಿ ಬರೆಯಬೇಕು, ಇಲ್ಲವೇ ಮೃಗಾಲಯ ಅಥವಾ ನೇಚರ್ ಸೆಂಟರಿನಲ್ಲಿರುವ ಒಂದು ಪ್ರಾಣಿಯನ್ನು ಮೂರು ತಿಂಗಳು, ವಾರಕ್ಕೊಮ್ಮೆಯಾದರೂ ಹೋಗಿ ಗಮನಿಸಬೇಕು. ಹುಡುಗನ ಒಲವು ಹಾವಿನ ಕಡೆ. ಮಗಳು ಅಡುಗೆಮನೆಯಿಂದಲೇ "ಸಾಧ್ಯವೇ ಇಲ್ಲ" ಎಂದಳು. ಹೀಗಾಗಿ ಸೆಂಟರಿನ ಗಾಜಿನ ಪೆಟ್ಟಿಗೆಯಲ್ಲಿರುವ, ಬಲಗಣ್ಣಿಲ್ಲದ ಬಾಕ್ಸ್ ಆಮೆಯನ್ನು ನೋಡಲು ಹೋಗುವುದೆಂದು ತೀರ್ಮಾನವಾಗಿದೆ. ಪ್ರವೇಶ ಉಚಿತ, ಸೋಮವಾರ ರಜೆ.